ಹಣೆಗೆ ಹತ್ತದ ಭಂಡಾರ

ಮೊನ್ನೆ ಪಂಚಾಯಿತಿಯಿಂದ ಫೋನ್ ಬಂದಾಗ ಹೊರಗೆ ಒಳ್ಳೆಯ ಬಿಸಿಲಿತ್ತು. ಹೊಳೆ ಏರುತ್ತಿದೆ, ದಂಡೆಯ ಓಣಿಗೆ ಹೋಗಿ ಮೈಕಿನಲ್ಲಿ ಸಾರಿ ಬರಬೇಕು ಎಂದರು. ಕೃಷ್ಣೆಯ ದಂಡೆಯಲ್ಲಿ ಹುಟ್ಟಿದವರಿಗೆ ಇದೇನೂ ಹೊಸದಲ್ಲ. ಮಳೆ ಎಲ್ಲೋ ಮೇಲೆ ಮಹಾರಾಷ್ಟ್ರದ ಘಟ್ಟದಲ್ಲಿ ಸುರಿಯುತ್ತದೆ, ನೀರು ಇಲ್ಲಿ ನಮ್ಮ ಬಿಸಿಲಿನಲ್ಲಿ ಏರುತ್ತದೆ. ನಾನು ಶಿರಗುಪ್ಪಿಯ ರಸ್ತೆಯಲ್ಲಿ ಧ್ವನಿವರ್ಧಕದ ಅಂಗಡಿ ಇಟ್ಟುಕೊಂಡೇ ಮುದುಕನಾದವನು. ಹೊಸದಾಗಿ ತಂದಿದ್ದ ತಂತಿಯಿಲ್ಲದ ಮೈಕು ಬೇಕಾದ ಹೊತ್ತಿಗೆ ಸರಿಯಾಗಿ ಕೈಕೊಟ್ಟಿತು. ಅದನ್ನು ಬೈಯುತ್ತಲೇ ಅಟ್ಟದಿಂದ ಹಳೆಯ ಪೆಟ್ಟಿಗೆ ಇಳಿಸಿದೆ. ಒಳಗೆ ಹಳೆಯ ಗುಂಡು ಮೈಕು ಬಟ್ಟೆಯಲ್ಲಿ ಸುತ್ತಿಕೊಂಡು ಮಲಗಿತ್ತು.

ಧೂಳು ಒರೆಸೋಣವೆಂದು ಅದರ ಜಾಲರಿಯನ್ನು ತಿರುವಿ ಬಿಚ್ಚಿದೆ. ಒಳಗಿನ ಸ್ಪಂಜು ಹಳದಿಯಾಗಿತ್ತು. ಬೆರಳಿನಿಂದ ತಟ್ಟಿದಾಗ ಅಂಗೈ ಮೇಲೆ ಹಳದಿ ಪುಡಿ ಉದುರಿತು. ಮೂಗಿನ ಹತ್ತಿರ ಹಿಡಿದೆ. ಅರಿಶಿನದ ವಾಸನೆ, ಅದರ ಹಿಂದೆ ಒಂಚೂರು ಲವಂಗ... ಇಷ್ಟು ವರ್ಷದ ಮೇಲೆ ವಾಸನೆ ಉಳಿದೀತೇ ಎಂದು ನೀವು ಕೇಳಬಹುದು. ನನ್ನ ಮೂಗಿಗಂತೂ ಬಂತು. ಲವಂಗ ಆಮದಾರರದ್ದು, ಮಾತಾಡುವ ಮೊದಲು ಒಂದನ್ನು ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಅರಿಶಿನ ದಂಡೆಯ ಓಣಿಯ ಆ ಮುದುಕಿಯದು. ಸ್ಟೂಲಿನ ಮೇಲೆ ಹಾಗೇ ಕೂತುಬಿಟ್ಟೆ.

ನಮ್ಮ ಗಡಿಭಾಗದಲ್ಲಿ ಶಾಸಕರನ್ನು ಆಮದಾರ ಎನ್ನುವುದೇ ರೂಢಿ. ನಾನು ಹೇಳುತ್ತಿರುವವರು ಒಂದೇ ಸಲ ಆರಿಸಿ ಬಂದವರು. ಆಮೇಲೂ ಸಾಯುವ ತನಕ ಜನ ಅವರನ್ನು ಹಾಗೆಯೇ ಕರೆದರು. ಮೊದಮೊದಲು ಗೌರವಕ್ಕೆ, ಆಮೇಲೆ ಅಭ್ಯಾಸಕ್ಕೆ, ಕೆಲವರು ಚುಚ್ಚುವುದಕ್ಕೆ. ಕಬ್ಬು, ದ್ರಾಕ್ಷಿ ಎರಡೂ ಇದ್ದ ಹಳೆಯ ಮನೆತನ. ಚಿಕ್ಕೋಡಿಯಲ್ಲಿ ಕಾಲೇಜು ಓದಿ ಬಂದು, ಊರ ಪಂಚಾಯಿತಿ, ಆಮೇಲೆ ಜಿಲ್ಲಾ ಪಂಚಾಯಿತಿ ಎಂದು ಒಂದೊಂದೇ ಮೆಟ್ಟಿಲು ಹತ್ತಿದವರು. ಹತ್ತಿದರು ಎನ್ನುವುದಕ್ಕಿಂತ ಊರ ಹಿರಿಯರು ಹತ್ತಿಸಿದರು ಎಂದರೆ ಸರಿ. ಯಾಕೆಂದರೆ ಈ ಮನುಷ್ಯನಿಗೆ ಯಾರಿಗೂ ಇಲ್ಲ ಎನ್ನಲು ಬರುತ್ತಿರಲಿಲ್ಲ. ಅಂಥವನೊಬ್ಬ ಮೇಲೆ ಇದ್ದರೆ ಎಲ್ಲರಿಗೂ ಅನುಕೂಲ ಎಂದು ಹಿರಿಯರು ಲೆಕ್ಕ ಹಾಕಿದ್ದರು. ಅವರನ್ನು ಮುಗಿಸಿದ್ದೂ ಅದೇ ಗುಣ ಎಂದು ನನಗೆ ಈಗಲೂ ಅನಿಸುತ್ತದೆ.

ಅಥಣಿ, ರಾಯಬಾಗ, ಕಾಗವಾಡ, ಆ ಕಡೆ ನಿಪ್ಪಾಣಿ, ಎಷ್ಟು ಸಭೆಗಳಿಗೆ ಭೋಂಗಾ, ಎಂದರೆ ಕಹಳೆಯಂಥ ಧ್ವನಿವರ್ಧಕ, ಕಟ್ಟಿದ್ದೇನೋ ನೆನಪಿಲ್ಲ. ಎಲ್ಲ ಮುಖಂಡರೂ ವೇದಿಕೆ ಹತ್ತಿದ ಕೂಡಲೇ ನನ್ನ ಕಡೆ ನೋಡಿ ಕೈ ಮೇಲೆತ್ತುತ್ತಾರೆ, ಏರಿಸು ಏರಿಸು ಎಂದು. ಇವರೊಬ್ಬರೇ ಅಂಗೈ ಕೆಳಗೆ ಮಾಡಿ, "ಆವಾಜ್ ಕಮ್ಮಿ ಮಾಡೋ ಮಾರಾಯಾ" ಎನ್ನುತ್ತಿದ್ದರು. ಕಮ್ಮಿ ಮಾಡಿದರೆ ದೂರ ಕೂತವರು ಏನು ಹೇಳುತ್ತಿದ್ದಾನೆ ನೋಡೋಣ ಎಂದು ಎದ್ದು ಹತ್ತಿರ ಬರುತ್ತಿದ್ದರು. ಕನ್ನಡದಲ್ಲಿ ಶುರು ಮಾಡಿ, ನಗಿಸಬೇಕಾದಲ್ಲಿ ಮರಾಠಿಗೆ ಹೊರಳಿ, ಮತ್ತೆ ಕನ್ನಡಕ್ಕೆ ಬರುತ್ತಿದ್ದರು. ಕೂಗಿದ್ದನ್ನು ನಾನು ಕೇಳಿಲ್ಲ. ಸಭೆ ಮುಗಿದ ಮೇಲೆ ತಂತಿ ಸುತ್ತುತ್ತಿದ್ದ ನನ್ನ ಹತ್ತಿರ ಬಂದು, ಉಂಡಿಯೇನು ಎಂದು ಕೇಳಿ ಹೋಗುತ್ತಿದ್ದರು. ಉಳಿದ ಮುಖಂಡರಿಗೆ ನಾನು ತಂತಿಯ ಜೊತೆಯ ಸಾಮಾನು.

ಹೊಳೆಯ ಓಣಿ ನಮ್ಮೂರಿನ ತೀರ ಕೆಳಗಿನ ಜಾಗ. ಬೇರೆಯವರ ಕಬ್ಬು ಕಡಿದು, ಬೇರೆಯವರ ದ್ರಾಕ್ಷಿ ಬಿಡಿಸಿ ಬದುಕುವ ಮನೆಗಳು. ಕೆಲವು ಮನೆಗಳಲ್ಲಿ ಓದಿ ನೌಕರಿ ಹಿಡಿದವರೂ ಇದ್ದಾರೆ. ಅರ್ಧ ಓಣಿ ಬೌದ್ಧರದು, ನೀಲಿ ಬಾಗಿಲಿನ ಸಣ್ಣ ವಿಹಾರ ಕಟ್ಟಿಕೊಂಡಿದ್ದಾರೆ. ಉಳಿದರ್ಧ ಚಿಂಚಲಿಯ ದೇವಿಗೆ ನಡೆದುಕೊಳ್ಳುವವರು. ಒಂದೇ ಮನೆಯಲ್ಲಿ ತಾಯಿ ಅತ್ತ, ಮಗಳು ಇತ್ತ ಎನ್ನುವುದೂ ಉಂಟು. ಹೊಳೆಗೆ ಮಾತ್ರ ಈ ಭೇದವಿಲ್ಲ. ಏರಿದಾಗಲೆಲ್ಲ ಎಲ್ಲರೂ ಆಡು, ಪಾತ್ರೆ, ಹಾಸಿಗೆ ಹೊತ್ತು ಶಾಲೆಗೆ ಹೋಗಬೇಕು. ಇಳಿದ ಮೇಲೆ ಬಂದು ಕೆಸರು ಬಾಚಿ ಮತ್ತೆ ಅಲ್ಲೇ ಒಲೆ ಹೂಡಬೇಕು. ಊರ ಪೂರ್ವಕ್ಕೆ ಮಡ್ಡಿ ಇದೆ, ಎತ್ತರದ ಕಲ್ಲುನೆಲ, ಹೊಳೆ ಎಂದೂ ಮುಟ್ಟದ ಜಾಗ. ಅಲ್ಲಿ ಎರಡು ಸಾಲು ಮನೆ ಸಿಕ್ಕಿದರೆ ಸಾಕೆಂದು ಓಣಿಯವರು ಕೇಳುತ್ತಲೇ ಇದ್ದರು. ಬಂದ ಮುಖಂಡರೆಲ್ಲ ತಲೆ ಆಡಿಸಿ ಹೋಗುತ್ತಲೇ ಇದ್ದರು.

ಆ ಸಲದ ಚುನಾವಣೆಗೆ ಆಮದಾರರು, ಆಗಿನ್ನೂ ಉಮೇದುವಾರರು, ಓಣಿಗೆ ಬಂದರು. ಈ ಮೈಕೇ ಅವರ ಮುಂದಿತ್ತು. ಮಾತು ಮುಗಿಯುತ್ತಿದ್ದಂತೆ ಒಬ್ಬ ಮುದುಕಿ ಜನರ ನಡುವಿನಿಂದ ಎದ್ದು ಬಂದಳು. ಸೀರೆಯ ಸೆರಗಿನ ಗಂಟು ಬಿಚ್ಚಿ, ಅದರಲ್ಲಿದ್ದ ಭಂಡಾರವನ್ನು, ದೇವಿಗೆ ಹಚ್ಚಿದ ಅರಿಶಿನವನ್ನು, ಅಂಗೈಗೆ ಸುರಿದುಕೊಂಡು ಅವರ ಮುಂದೆ ಚಾಚಿದಳು.

"ಮುಟ್ರಿ," ಎಂದಳು. "ಮುಟ್ಟಿ ಹೇಳ್ರಿ."

ನಮ್ಮಲ್ಲಿ ಭಂಡಾರ ಮುಟ್ಟಿ ಆಡಿದ ಮಾತು ಕೋರ್ಟಿನ ಮಾತಿಗಿಂತ ಭಾರ. ಬೇರೆಯವರ ಮಾತು ಬಿಡಿ, ದನದ ವ್ಯಾಪಾರದಲ್ಲಿ ಹಗಲೆಲ್ಲ ಸುಳ್ಳು ಹೇಳುವವನೂ ಭಂಡಾರ ಎಂದರೆ ಕೈ ಹಿಂದೆ ತೆಗೆದುಕೊಳ್ಳುತ್ತಾನೆ. ಪಳಗಿದ ರಾಜಕಾರಣಿಗಳಿಗೆ ಇದರಿಂದ ಜಾರುವ ದಾರಿ ಗೊತ್ತು. ಅಂಗೈಯಿಂದ ಒಂದು ಚಿಟಿಕೆ ತೆಗೆದು ಹಣೆಗೆ ಹಚ್ಚಿಕೊಂಡು, ಅವ್ವನ ಆಶೀರ್ವಾದ ಸಿಕ್ಕಿತು ಎಂದು ಕೈ ಮುಗಿದುಬಿಟ್ಟರೆ ಅದು ಪ್ರಸಾದವಾಯಿತು, ಆಣೆ ಅಲ್ಲ. ಹಿಂದೆ ನಿಂತಿದ್ದವರು ಹಾಗೇ ಮಾಡೆಂದು ಸನ್ನೆ ಮಾಡುತ್ತಿದ್ದುದನ್ನು ನಾನು ಕಂಡೆ. ಇವರು ಮುದುಕಿಯ ಮುಖ ನೋಡಿದರು. ಅವಳಿಗೂ ಇಲ್ಲ ಎನ್ನಲು ಇವರಿಗೆ ಬರಲಿಲ್ಲ. ಅಂಗೈ ಮೇಲೆ ಅಂಗೈ ಇಟ್ಟುಬಿಟ್ಟರು.

"ನಿಮ್ಮನ್ನ ಮಡ್ಡಿ ಮ್ಯಾಲ ಕುಂಡ್ರಸೂ ತನಕಾ ಈ ಭಂಡಾರ ನನ್ನ ಹಣಿಗಿ ಹತ್ತಂಗಿಲ್ಲ. ನನ್ನ ಮನ್ಯಾಗಿನ ಅರಿಶಿಣಾನೂ ನಾ ಮುಟ್ಟಂಗಿಲ್ಲ."

ಓಣಿಗೆ ಓಣಿಯೇ ಎದ್ದು ನಿಂತು ಭಂಡಾರ ಹಾರಿಸಿತು. ಗಾಳಿಯೆಲ್ಲ ಹಳದಿ. ಹಣೆಗೆ ಬೀಳಬಾರದೆಂದು ಅವರು ಹೆಗಲ ಟವೆಲಿನಿಂದ ಮುಖ ಮುಚ್ಚಿಕೊಂಡು ನಗುತ್ತಿದ್ದರು. ಮೈಕಿನೊಳಗೆ ಭಂಡಾರ ಹೊಕ್ಕಿದ್ದು ಆಗಲೇ ಇರಬೇಕು. ನಾನೂ ನಗುತ್ತಿದ್ದೆ... ಅಷ್ಟು ಸಂತೋಷದ ಸಭೆಯನ್ನು ನಾನು ಅದಕ್ಕೆ ಮೊದಲೂ ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ.

ಆರಿಸಿ ಬಂದರು. ಬಂದವರು ಮಾತು ಮರೆಯಲಿಲ್ಲ, ಅದನ್ನಂತೂ ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ಬೆಳಗಾವಿಯ ಚಳಿಗಾಲದ ಅಧಿವೇಶನದಲ್ಲಿ ಅವರು ಓಣಿಯ ವಿಷಯ ಎತ್ತಿದ್ದನ್ನು ಚಹಾದ ಅಂಗಡಿಯ ಟಿವಿಯಲ್ಲಿ ನೋಡಿದೆವು. ಅಲ್ಲಿಯೂ ಅದೇ ಮೆತ್ತನೆಯ ಧ್ವನಿ. ಆದರೆ ಅಲ್ಲಿ ಧ್ವನಿ ಸಣ್ಣದಾದರೆ ಯಾರೂ ಎದ್ದು ಹತ್ತಿರ ಬರುವುದಿಲ್ಲ. ಹೊಳೆ ಹೇಗೆ ಏರುತ್ತದೆ ಎಂದು ಹೇಳಿ ಮುಗಿಸಿ ಮಡ್ಡಿಯ ಮಾತಿಗೆ ಬರುವಷ್ಟರಲ್ಲಿ ಅವರ ವೇಳೆ ತೀರಿ ಮೈಕಿನ ದೀಪ ಆರಿತು. ಬಾಯಿ ಆಡುತ್ತಿತ್ತು, ಧ್ವನಿ ಇರಲಿಲ್ಲ. ಚಹಾ ಕುಡಿಯುತ್ತಿದ್ದವರು ನಕ್ಕರು. ನನಗೆ ನಗಲಾಗಲಿಲ್ಲ.

ಆದರೂ ಬಿಡಲಿಲ್ಲ. ಕಚೇರಿಯಿಂದ ಕಚೇರಿಗೆ ತಿರುಗಿ ತಿರುಗಿ ಕಡೆಗೂ ಒಪ್ಪಿಗೆ ತಂದರು. ನೀವು ಜಾಗ ತೋರಿಸಿ, ಮನೆ ನಾವು ಕಟ್ಟಿಕೊಡುತ್ತೇವೆ ಎಂದಿತು ಸರ್ಕಾರ. ಕೆಲಸ ಆಯಿತೆಂದು ಎಲ್ಲರೂ ತಿಳಿದೆವು. ಮಡ್ಡಿಯ ತುಂಬ ಇದ್ದದ್ದು ಅವರದೇ ಬಳಗದವರ ದ್ರಾಕ್ಷಿ ಪಡಗಳು, ಎಂದರೆ ದ್ರಾಕ್ಷಿ ತೋಟಗಳು. ಒಬ್ಬರೂ ಒಂದು ಗೇಣು ಬಿಡಲು ತಯಾರಿರಲಿಲ್ಲ. ಭೂಮಿಯ ಆಸೆ ಎಂದರೆ ಅದು ಅರ್ಧ ಮಾತು. ಉಳಿದರ್ಧವನ್ನು ಅವರ ಅಣ್ಣ ಅಂಗಳದಲ್ಲಿ, ನನ್ನೆದುರಿಗೇ ಬಾಯಿಬಿಟ್ಟು ಹೇಳಿದ.

"ಅವರು ಮ್ಯಾಲ, ನಾವು ಕೆಳಗೇನೋ? ಅವರ ಬಚ್ಚಲ ನೀರು ನಮ್ಮ ಪಡದಾಗ ಹರಿಬೇಕು?"

ಆಮದಾರರು ತಮ್ಮ ಪಾಲಿನ ದ್ರಾಕ್ಷಿ ಪಡವನ್ನೇ ಕೊಟ್ಟುಬಿಡುತ್ತೇನೆ ಎಂದರು. ಕೊಡುವುದು ಹೇಗೆ? ಮನೆ ಒಟ್ಟಿನದು, ಅಣ್ಣ ಸಹಿ ಹಾಕುವುದಿಲ್ಲ ಎಂದು ಕೂತ. ವಾಟಣಿ, ಎಂದರೆ ಆಸ್ತಿಯ ಪಾಲು, ಕೇಳಿ ಬೇರೆಯಾಗಬಹುದಿತ್ತು. ಕೇಳಿದ್ದರೆ ಕಾಯ್ದೆಯ ಪ್ರಕಾರ ಸಿಗುತ್ತಲೂ ಇತ್ತು. ಆದರೆ ಒಳಗೆ ಅವರ ವಯಸ್ಸಾದ ತಾಯಿ ಇದ್ದರು. ನಾನಿರುವ ತನಕ ಮನೆ ಒಡೆಯಬೇಡ ಎಂದು ಮಗನ ಕೈ ಹಿಡಿದರು. ತಾಯಿಗೆ ಇಲ್ಲ ಎನ್ನಲು ಇವರಿಗೆ ಬರಲಿಲ್ಲ. ಆವತ್ತು ಅವರು ಒಡೆದಿದ್ದರೆ... ಏನೇನೋ ಬೇರೆ ಆಗುತ್ತಿತ್ತು. ನಾನು ಅವರನ್ನು ಎಷ್ಟೇ ಮೆಚ್ಚಿದರೂ ಈ ಒಂದು ಜಾಗದಲ್ಲಿ ಮನಸ್ಸು ಕಹಿಯಾಗುತ್ತದೆ. ತಾಯಿಯ ಕೈಯನ್ನು ಬಿಡಿಸಿಕೊಳ್ಳಬೇಕಾಗಿತ್ತು ಎಂದು ಬರೆಯುವುದು ನನಗೆ ಸುಲಭ, ನನ್ನ ತಾಯಿ ಹೋಗಿ ಬಹಳ ಕಾಲವಾಯಿತು.

ಅಲ್ಲಿಗೆ ಸುಮ್ಮನಿದ್ದರೂ ಒಂದು ಪಾಡು. ಕಲ್ಲು ನೆಟ್ಟರೆ ಅಣ್ಣನ ಮನಸ್ಸು ಬಾಗೀತು ಎಂದು ನಂಬಿ, ಪಡದ ಅಂಚಿಗೆ ಅಡಿಗಲ್ಲು ನೆಡಿಸಿದರು. ಊದಿನಕಡ್ಡಿ, ತೆಂಗಿನಕಾಯಿ, ನನ್ನ ಭೋಂಗಾ, ಎಲ್ಲ ಇತ್ತು. ಅಣ್ಣ ಬರಲಿಲ್ಲ. ಮುದುಕಿ ಬಂದು ಕಲ್ಲಿಗೆ ಭಂಡಾರ ಹಚ್ಚಿ, ಆ ಕಲ್ಲಿನ ಮಗ್ಗುಲಿಗೆ ಕೂತು, ಇಲ್ಲಿಂದ ಹೊಳೆ ಎಷ್ಟು ಸಣ್ಣದಾಗಿ ಕಾಣುತ್ತದೆ ನೋಡು ಎಂದು ಮಗಳಿಗೆ ತೋರಿಸಿದಳು. ಆಮೇಲೆ ಅಣ್ಣ ಕಲ್ಲನ್ನು ಕೀಳಿಸಲಿಲ್ಲ, ಅದರ ಮೇಲೆ ತಮ್ಮನ ಹೆಸರಿತ್ತಲ್ಲ. ಕಲ್ಲನ್ನು ಹೊರಗೆ ಬಿಟ್ಟು ಪಡದ ಸುತ್ತ ತಂತಿ ಬೇಲಿ ಹಾಕಿಸಿದ.

ಅದಾದ ಮುಂದಿನ ಮಳೆಗಾಲದಲ್ಲೇ ದೊಡ್ಡ ಹೊಳೆ ಬಂತು. ಆ ಸಲ ಇಲ್ಲಿಯೂ ಬಿಡದೆ ಮಳೆ. ನಾನು ಟಂಟಂ ಗಾಡಿಯಲ್ಲಿ ಭೋಂಗಾ ಕಟ್ಟಿಕೊಂಡು ಸಾಲಿಗೆ ಹೋಗ್ರಿ, ಸಾಲಿಗೆ ಹೋಗ್ರಿ ಎಂದು ಕೂಗುತ್ತಿದ್ದೆ. ಓಣಿ ಶಾಲೆ ಸೇರಿತು. ಮುದುಕಿಯ ಮಗಳು ಅಂಗನವಾಡಿಯ ಶಿಕ್ಷಕಿ. ಅವಳು ಮಕ್ಕಳನ್ನು ಮುಂಚೆ ಸಾಗಿಸಿ, ಅವ್ವ ಹಿಂದಿನ ಟ್ರ್ಯಾಕ್ಟರಿನಲ್ಲಿ ಬರುತ್ತಾಳೆ ಎಂದುಕೊಂಡಿದ್ದಳು. ಟ್ರ್ಯಾಕ್ಟರಿನವರು ಮಗಳ ಜೊತೆ ಹೋಗಿದ್ದಾಳೆ ಎಂದುಕೊಂಡರು. ಮುದುಕಿ ಇಬ್ಬರ ಜೊತೆಗೂ ಇರಲಿಲ್ಲ. ಮರುದಿನ ಬೆಳಿಗ್ಗೆ ಆಮದಾರರು ದೋಣಿಯಿಂದ ಇಳಿದಾಗ ಯಾರೋ ಹೇಳಿದರು, ಆಡಿನ ಹಗ್ಗ ಹಿಡಿದುಕೊಂಡು ಮಡ್ಡಿಯ ಕಡೆ ನಡೆದಿದ್ದಳು ಎಂದು.

ನಾವು ಮೂವರು ಹೋದೆವು, ಆಮದಾರರು, ಮಗಳು, ನಾನು. ಮುದುಕಿ ತಲೆಯ ಮೇಲೆ ಗೊಬ್ಬರದ ಚೀಲ ಹಾಕಿಕೊಂಡು ಅಡಿಗಲ್ಲಿಗೆ ಒರಗಿ ಕೂತಿದ್ದಳು. ಆಡು ಅವಳ ಸೆರಗಿನೊಳಗೆ ಹೊಕ್ಕಿತ್ತು. ಹಿಂದಿನ ದಿನದಿಂದ ಹಾಗೇ ಕೂತಿದ್ದಾಳೆ. ಬೇಲಿಯ ಆಚೆ, ಕಲ್ಲೆಸೆದರೆ ಬೀಳುವಷ್ಟು ಹತ್ತಿರದಲ್ಲಿ, ಆಮದಾರರ ಮನೆಯವರ ಒಣದ್ರಾಕ್ಷಿಯ ಶೆಡ್ಡು. ತಗಡಿನ ಸೂರು, ಖಾಲಿ ನೆಲ, ಒಂದು ಹನಿ ನೀರಿಲ್ಲ. ಬಾಗಿಲಿಗೆ ಬೀಗ ಇತ್ತು.

ಅವಳಿಗೆ ಸಿಟ್ಟಿರಲಿಲ್ಲ. ಅದೇ ನನಗೆ ಇವತ್ತಿಗೂ ತಡೆಯಲಾಗದ್ದು. ಆಮದಾರರನ್ನು ಕಂಡು ನಕ್ಕಳು.

"ನೀವು ಹೇಳಿದ ಜಾಗಾಕ್ಕ ಬಂದು ಕುಂತೀನಿ ನೋಡ್ರಿ. ಇನ್ನ ಸಾಲಿಗ್ಯಾಕ ಹೋಗೂದು?"

ಭಂಡಾರ ಮುಟ್ಟಿ ಹೇಳಿದ್ದಾರೆ, ಕಲ್ಲು ನೆಟ್ಟಿದ್ದಾರೆ, ಅಂದಮೇಲೆ ಜಾಗ ನಮ್ಮದಾಯಿತು. ಅವಳ ತಿಳುವಳಿಕೆ ಅಷ್ಟು ನೇರ. ಭಂಡಾರವನ್ನು ನಂಬುವವರನ್ನು ಬಿಟ್ಟು ಬೇರೆ ಯಾರೂ ಹಾಗೆ ಮೋಸಹೋಗಲಾರರು. ಆಮದಾರರು ಅವಳನ್ನು ಬೆನ್ನ ಮೇಲೆ ಹೊತ್ತು ಮಡ್ಡಿ ಇಳಿದರು. ಮಗಳು ಆಡನ್ನು ಹಿಡಿದುಕೊಂಡು ಹಿಂದೆ ಬಂದಳು. ಎದೆಗೆ ಶೀತ ಇಳಿದಿತ್ತು. ಹೊಳೆ ಇಳಿಯುವ ಮೊದಲೇ ಮುದುಕಿ ಹೋದಳು.

ಮುಂದಿನ ಚುನಾವಣೆಯಲ್ಲಿ ಅವರು ಸೋತರು. ಓಣಿಯವರನ್ನು ಮೇಲೆ ತರಲು ಹೊರಟವನೆಂದು ಮಡ್ಡಿಯವರು ಬಿಟ್ಟರು, ತರಲಿಲ್ಲವೆಂದು ಓಣಿಯವರು ಬಿಟ್ಟರು. ಎರಡೂ ಕಡೆಯ ಸಿಟ್ಟು ನ್ಯಾಯದ್ದೇ ಎನ್ನುವಂತೆ ಆಮದಾರರು ತಲೆತಗ್ಗಿಸಿದರು. ಸ್ವಲ್ಪ ಕಾಲಕ್ಕೆ ಅವರ ತಾಯಿಯೂ ತೀರಿಕೊಂಡರು. ಆಗಲಾದರೂ ವಾಟಣಿಯಾಗಿ ಪಡ ಅವರ ಕೈಗೆ ಬಂದೀತು ಎಂದು ನಾನು ಆಸೆ ಇಟ್ಟುಕೊಂಡಿದ್ದೆ. ವಾಟಣಿಯಾಯಿತು. ಅಣ್ಣ ಮಡ್ಡಿಯನ್ನು ತಾನಿಟ್ಟುಕೊಂಡು ಹೊಳೆಸಾಲಿನ ಕಬ್ಬಿನ ಹೊಲವನ್ನು ತಮ್ಮನಿಗೆ ಕೊಟ್ಟ. ಇವರು ಆಗಲಿ ಅಣ್ಣಾ ಎಂದರು. ಆ ಸುದ್ದಿ ಕೇಳಿ ನಾನು ಅಂಗಡಿಯಲ್ಲಿ ಒಬ್ಬನೇ ಅವರನ್ನು ಬಾಯಿಗೆ ಬಂದಂತೆ ಬೈದೆ. ಬೈದು ಮುಗಿದ ಮೇಲೆ ಅಳು ಬಂತು.

ಅರಿಶಿನ ಮಾತ್ರ ಅವರು ಮುಟ್ಟಲಿಲ್ಲ. ಒಂದು ಸಲ ಅವರ ಮನೆಯ ಧ್ವನಿಪೆಟ್ಟಿಗೆ ರಿಪೇರಿಗೆಂದು ಹೋದಾಗ, ಉಂಡು ಹೋಗು ಎಂದು ಕೂರಿಸಿದರು. ಅವರ ಹೆಂಡತಿ ನನಗೆ ಒಂದು ಪಾತ್ರೆಯಿಂದ ಬಡಿಸಿದರು, ಅವರಿಗೆ ಇನ್ನೊಂದರಿಂದ. ನನ್ನ ತಾಟಿನಲ್ಲಿ ಹಳದಿ ಬೇಳೆ, ಅವರ ತಾಟಿನಲ್ಲಿ ಬಿಳಿ ಬೇಳೆ. ಪಲ್ಯವೂ ಬಿಳಿ. ನಮ್ಮ ಈ ಸೀಮೆಯಲ್ಲಿ ಅರಿಶಿನ ಬೀಳದ ಅಡುಗೆಯನ್ನು ಸೂತಕದಲ್ಲಿ ಬಿಟ್ಟರೆ ನಾನು ಕಂಡಿರಲಿಲ್ಲ. ಗುಡಿಯಲ್ಲಿ ಯಾರಾದರೂ ಭಂಡಾರ ಹಚ್ಚಲು ಬಂದರೆ ಅವರ ತಲೆ ತಾನಾಗಿ ಹಿಂದಕ್ಕೆ ಸರಿಯುತ್ತಿತ್ತು. ಹೊಸಬರು ಇದನ್ನು ಅಹಂಕಾರ ಎಂದುಕೊಂಡರು. ಹಳಬರು ಕಣ್ಣು ತಪ್ಪಿಸಿದರು. ಯಾರು ನೋಡುತ್ತಾರೆ, ಬಿಟ್ಟುಬಿಡಿ ಎಂದು ನಾನೂ ಒಮ್ಮೆ ಹೇಳಿ ನೋಡಿದೆ. ಅವರು ನೀರಿನ ತಂಬಿಗೆಯನ್ನು ನನ್ನ ಕಡೆ ಸರಿಸಿದರು.

ಅವರ ಮಗಳ ಲಗ್ನ ಗೊತ್ತಾಯಿತು. ಅರಿಶಿನ ಹಚ್ಚುವ ದಿನ ಮದುಮಗಳ ಕೆನ್ನೆಗೆ ತಂದೆಯ ಕೈಯೂ ಮುಟ್ಟಬೇಕು. ಆಗ ಗುಡಿಯ ಪೂಜಾರಿ ಅವರಿಗೊಂದು ದಾರಿ ಹೇಳಿದ. ಆಣೆಯ ಭಂಡಾರವನ್ನು ಕೊಟ್ಟ ಕೈಯೇ ಒಪ್ಪಿ ತಿರುಗಿ ಹಣೆಗೆ ಹಚ್ಚಿದರೆ ಆಣೆ ಬಿಡುಗಡೆಯಾಗುತ್ತದೆ. ಆ ಕೈ ಇಲ್ಲದಿದ್ದರೆ ಅದೇ ಮನೆಯ ಹೆಣ್ಣುಮಗಳ ಕೈ ಆದೀತು. ಹಾಗೆಂದು ಆಮದಾರರು ಒಂದು ಮಧ್ಯಾಹ್ನ ಅಂಗಡಿಗೆ ಬಂದು, ಜೊತೆಗೆ ಬಾ ಎಂದು ನನ್ನನ್ನು ಓಣಿಗೆ ಕರೆದೊಯ್ದರು. ಒಬ್ಬರೇ ಹೋಗುವ ಧೈರ್ಯ ಅವರಿಗೆ ಇರಲಿಲ್ಲ.

ಮುದುಕಿಯ ಮಗಳು ಕುರ್ಚಿ ಹಾಕಿ, ಚಹಾ ಕೊಟ್ಟಳು. ಗೋಡೆಯ ಮೇಲೆ ಬುದ್ಧನ ಪಟ, ಅದರ ಕೆಳಗೆ ಹೊಳೆಯ ನೀರು ಬಿಟ್ಟುಹೋದ ಗೆರೆ. ಆಮದಾರರು ಜೇಬಿನಿಂದ ಭಂಡಾರದ ಪುಡಿಕೆ ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡು, ಬಂದ ಕೆಲಸ ಹೇಳಿದರು. ಧ್ವನಿ ಎಷ್ಟು ಸಣ್ಣದಾಗಿತ್ತೆಂದರೆ ಅವಳು ಮುಂದೆ ಬಾಗಿ ಕೇಳಬೇಕಾಯಿತು.

"ಸಾಹೇಬ್ರ, ನಾ ಆ ದೇವರನ್ನ ಬಿಟ್ಟು ಭಾಳ ದಿನಾ ಆತ್ರಿ," ಎಂದಳು. "ನನಗ ಇದು ಬರೇ ಅರಿಶಿಣ ಪುಡಿ. ಹಚ್ಚು ಅಂದ್ರ ಈಗ ಹಚ್ಚತೀನಿ. ಅದರಿಂದ ಆಣಿ ಬಿಡಿಸಿದಂಗ ಆಕ್ಕೈತೇನ್ರಿ?"

ಆಮದಾರರು ಮೊಣಕಾಲ ಮೇಲಿನ ಪುಡಿಕೆಯನ್ನು ನೋಡಿದರು.

"ನಂಬಿದಾಕಿ ನಮ್ಮವ್ವ. ನಂಬಿ ಮಡ್ಡಿಗಿ ಹೋಗಿ ಕುಂತ್ಲು. ನೀವೂ ನಂಬೀರಿ ಅಂತ ಕಾಣತೈತಿ. ಅದನ್ನ ನೀವಿಬ್ರೂ ನೋಡ್ಕೋಬೇಕ್ರಿ, ನಡಕ ನಾ ಯಾರು? ನನಗ ಬೇಕಾಗಿದ್ದು ಭಂಡಾರ ಅಲ್ರಿ, ಮಡ್ಡಿ ಮ್ಯಾಲ ಒಂದು ಮನಿ."

ಸಿಟ್ಟಿನಿಂದ ಆಡಿದ್ದರೆ ತಡೆದುಕೊಳ್ಳಬಹುದಿತ್ತು. ಅವಳು ಮಕ್ಕಳಿಗೆ ಪಾಠ ಹೇಳುವಂತೆ ಸಮಾಧಾನವಾಗಿ ಹೇಳಿದಳು. ಅವರು ಪುಡಿಕೆಯನ್ನು ಮತ್ತೆ ಜೇಬಿಗೆ ಇಟ್ಟುಕೊಂಡು, ಚಹಾ ಪೂರ್ತಿ ಕುಡಿದು, ಬಟ್ಟಲನ್ನು ತಾವೇ ಒಳಗೆ ಕೊಟ್ಟು ಎದ್ದರು. ದಾರಿಯಲ್ಲಿ ನನ್ನ ಹೆಗಲ ಮೇಲೆ ಕೈ ಇಟ್ಟುಕೊಂಡು ನಡೆದರು. ಆ ಕೈ ಭಾರವಾಗಿತ್ತು ಎಂದಷ್ಟೇ ನೆನಪು...

ಅರಿಶಿನದ ದಿನ ಹಾಡು ಹಾಕಲು ನಾನೇ ಇದ್ದೆ. ಹೆಂಗಸರು ನಗುತ್ತ, ಒಬ್ಬರ ಮುಖಕ್ಕೊಬ್ಬರು ಬಳಿಯುತ್ತ ಗದ್ದಲ ಎಬ್ಬಿಸಿದ್ದರು. ಅವರು ಅಂಗಳದ ಆ ತುದಿಯಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದರು. ತಂದೆ ಬರಲಿ ಎಂದು ಯಾರೋ ಕೂಗಿದರು. ಮಗಳು ಹಳದಿ ಮುಖ ಎತ್ತಿ ಅತ್ತ ನೋಡಿದಳು. ಅವರು ಅಲ್ಲಿಂದಲೇ ಕೈ ಎತ್ತಿ ಹರಸಿದರು. ಹುಡುಗಿ ಅತ್ತಳು, ನಾನು ಹಾಡು ಬದಲಿಸಿದೆ. ಆ ಹುಡುಗಿ ಯಾವ ತಪ್ಪು ಮಾಡಿದ್ದಳು ಹೇಳಿ.

ಅವರು ಸತ್ತದ್ದು ಕಬ್ಬು ಸಾಗುವ ಕಾಲದಲ್ಲಿ, ಹೊಲದ ಬದುವಿನ ಮೇಲೆ, ಎದೆ ಹಿಡಿದುಕೊಂಡು. ದೊಡ್ಡ ಜನ ಸೇರಿತ್ತು. ಬದುಕಿದ್ದಾಗ ಬಿಟ್ಟವರೆಲ್ಲ ಬಂದಿದ್ದರು. ಆ ಮನೆತನದಲ್ಲಿ ಸತ್ತವರನ್ನು ಭಂಡಾರ ಹಚ್ಚಿಯೇ ಕಳಿಸುವುದು. ಅಣ್ಣ ಪರಾತ ತುಂಬ ಭಂಡಾರ ತರಿಸಿದ. "ಬ್ಯಾಡ್ರೀ, ಅವರ ಹಣಿಗಿ ಬ್ಯಾಡ್ರೀ" ಎಂದು ಅವರ ಹೆಂಡತಿ ಬಾಗಿಲಲ್ಲಿ ನಿಂತು ಕೂಗಿದ್ದು ನನಗೆ ಕೇಳಿಸಿತು. ಭಜನೆಯ ತಾಳದಲ್ಲಿ ಬೇರೆ ಯಾರಿಗೂ ಕೇಳಿಸಲಿಲ್ಲ, ಇಲ್ಲವೇ ಕೇಳಿಸಿಕೊಳ್ಳಲಿಲ್ಲ. ಅಣ್ಣನೇ ಅಳುತ್ತ ಮುಷ್ಟಿ ತುಂಬ ತೆಗೆದು ತಮ್ಮನ ಹಣೆಗೆ ಬಳಿದ. ಇಷ್ಟು ವರ್ಷ ಹಿಂದಕ್ಕೆ ಸರಿಯುತ್ತಿದ್ದ ತಲೆ ಆವತ್ತು ಸರಿಯಲಿಲ್ಲ. ಉಳಿದವರೂ ಎರಚಿದರು. ಹಳದಿಯ ಕೆಳಗೆ ಅವರ ಮುಖವೇ ಕಾಣದಾಯಿತು. ಜನರ ಹಿಂದೆ, ಗೋಡೆಯ ಪಕ್ಕ, ಮುದುಕಿಯ ಮಗಳು ನಿಂತಿದ್ದಳು. ಕೈ ಮುಗಿಯಲಿಲ್ಲ, ಅಳಲಿಲ್ಲ. ಹೆಣ ಎತ್ತುವ ತನಕ ಇದ್ದು ಹೊರಟುಹೋದಳು.

ಆಮೇಲೆ ಬಂದ ಉಮೇದುವಾರರೆಲ್ಲ ಅವರ ಗತಿಯಿಂದ ಪಾಠ ಕಲಿತರು. ಓಣಿಗೆ ಬರುತ್ತಾರೆ, ಭಂಡಾರ ಚಾಚಿದ ಕೈಗೆ ದೂರದಿಂದಲೇ ನಮಸ್ಕಾರ ಹಾಕುತ್ತಾರೆ, ಪ್ರಯತ್ನ ಮಾಡುತ್ತೇವೆ ಎನ್ನುತ್ತಾರೆ. ಒಬ್ಬ ಮನುಷ್ಯ ಮಾತಿಗೆ ಅಂಜಿ ಸತ್ತದ್ದರಿಂದ ಉಳಿದವರಿಗೆ ದಕ್ಕಿದ ಜ್ಞಾನ ಇದೊಂದೇ, ಮಾತು ಕೊಡಬಾರದು. ಈಚೆಗೆ ಓಣಿಯವರೂ ಕೈ ಚಾಚುವುದನ್ನು ಬಿಟ್ಟಿದ್ದಾರೆ. ಅಡಿಗಲ್ಲು ಇನ್ನೂ ಅಲ್ಲೇ ಇದೆ. ಹೆಸರಿನ ಅಕ್ಷರ ಮಾಸಿ, ಮಡ್ಡಿಗೆ ಹೋಗುವವರು ಅದರ ಮೇಲೆ ಕಾಲಿಟ್ಟು ಚಪ್ಪಲಿಯ ಮಣ್ಣು ಕೆರೆಯುತ್ತಾರೆ.

ಮೊನ್ನೆ ನಾನು ಸ್ಪಂಜನ್ನು ತೊಳೆಯಲಿಲ್ಲ. ಅಂಗೈ ಮೇಲೆ ಉದುರಿದ ಪುಡಿಯನ್ನು ಏನು ಮಾಡಬೇಕೋ ತಿಳಿಯಲಿಲ್ಲ. ಹಣೆಗೆ ಹಚ್ಚಿಕೊಳ್ಳಲು ಮನಸ್ಸು ಬರಲಿಲ್ಲ, ಚೆಲ್ಲಲೂ ಬರಲಿಲ್ಲ. ಮತ್ತೆ ಒಳಗೇ ಹಾಕಿ ಜಾಲರಿ ತಿರುವಿದೆ. ಟಂಟಂ ಹತ್ತಿ ಓಣಿಗೆ ಹೋದೆ. ಹಳೆಯ ಮೈಕು ಮಾತಾಡಿತು. ಬಾಯಿ ಹತ್ತಿರ ತಂದಾಗಲೆಲ್ಲ ಅರಿಶಿನ, ಲವಂಗ. ಹೊಳಿ ಏರಾಕತ್ತೈತಿ, ಸಾಲಿಗೆ ಹೋಗ್ರಿ, ಸಾಲಿಗೆ ಹೋಗ್ರಿ... ಆಗಲೇ ಎಲ್ಲರೂ ಗಂಟು ಕಟ್ಟಿ, ಆಡುಗಳ ಹಗ್ಗ ಹಿಡಿದು ಶಾಲೆಯ ದಾರಿ ಹಿಡಿದಿದ್ದರು. ಆ ಬಿಸಿಲಿನಲ್ಲಿ ಮಡ್ಡಿ ಹಸಿರಾಗಿ ಎದುರಿಗೇ ಕಾಣುತ್ತಿತ್ತು. ಒಬ್ಬರೂ ಅತ್ತ ತಲೆ ಎತ್ತಲಿಲ್ಲ.

ಮುದುಕಿಯ ಮಗಳು ಕೊನೆಗೆ ಬಂದಳು. ಅವಳ ಕೂದಲೂ ಬೆಳ್ಳಗಾಗಿದೆ. ಬುದ್ಧನ ಪಟವನ್ನು ಚಾದರದಲ್ಲಿ ಸುತ್ತಿ ಎದೆಗೆ ಹಿಡಿದುಕೊಂಡಿದ್ದಳು. ಗಾಡಿಯ ಪಕ್ಕಕ್ಕೆ ಬಂದು ಒಂದು ಗಳಿಗೆ ನಿಂತಳು.

"ಎಲ್ಲಿಗಿ ಹೋಗೂದು ಅಂತ ನಮಗ ಗೊತ್ತೈತ್ರಿ, ಕಾಕಾ," ಎಂದಳು. "ಆವಾಜ್ ಕಮ್ಮಿ ಮಾಡ್ರಿ."

ನಾನು ಮೈಕನ್ನು ಬಂದ್ ಮಾಡಿದೆ.